ಮಕ್ಕಳನ್ನು ತೂಗಿದ್ದಾಯಿತು, ಹೆತ್ತವರನ್ನು ಕೇಳುವುದು ಯಾವಾಗ?

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ

ಮಾನ್ಯರೇ,

ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದೇ ಸಮೀಕ್ಷೆಯಲ್ಲಿ ಇಡೀ ಕರ್ನಾಟಕದ ಪ್ರಮಾಣ ಶೇ 35.4. ಅದರ ಹಿಂದಿನ, 2015–16ರ ಸಮೀಕ್ಷೆಯಲ್ಲೂ ನಮ್ಮ ಜಿಲ್ಲೆಯ ಸ್ಥಿತಿ ಇದೇ ಆಗಿತ್ತು. ಈ ಅಂಕಿಗಳನ್ನು ತಮಗೆ ನೆನಪಿಸಲು ನಾನು ಪತ್ರ ಬರೆಯುತ್ತಿಲ್ಲ. ಅವು ತಮ್ಮ ಕಡತಗಳಲ್ಲಿ ಇದ್ದೇ ಇರುತ್ತವೆ. ನನ್ನ ತಕರಾರು ಬೇರೆ. ಇಷ್ಟು ವರ್ಷ ಅಳೆದ ಮೇಲೂ, ಈ ಮಕ್ಕಳ ತಾಯಿತಂದೆಯರನ್ನು ಕೂರಿಸಿಕೊಂಡು, ಮಗು ಬೆಳೆಯದಿರಲು ಅವರು ಕಂಡ ಕಾರಣವೇನೆಂದು ಕೇಳಿ, ಅವರು ಹೇಳಿದ್ದರ ಮೇಲೆ ಹಣ ಖರ್ಚು ಮಾಡುವ ಏರ್ಪಾಡು ನಮ್ಮಲ್ಲಿ ಇಲ್ಲ. ಅದನ್ನು ಮಂಡಳಿ ಶುರುಮಾಡಬೇಕು, ಯಾದಗಿರಿಯಿಂದಲೇ ಶುರುಮಾಡಬೇಕು ಎಂಬುದು ನನ್ನ ಬೇಡಿಕೆ.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಶಹಾಪುರ, ಸುರಪುರದ ಸುತ್ತಿನ ಹಳ್ಳಿ ಮತ್ತು ಲಂಬಾಣಿ ತಾಂಡಾಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮಕ್ಕಳ ತೂಕ ನೋಡಿಸುವುದು, ಬೆಳವಣಿಗೆ ನಕ್ಷೆಯಲ್ಲಿ ಚುಕ್ಕೆ ಇಡಿಸುವುದು, ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದ ಮಗುವಿನ ಹೆಸರನ್ನು ತೀವ್ರ ಅಪೌಷ್ಟಿಕತೆಯ ಪಟ್ಟಿಗೆ ಸೇರಿಸಿ ಮೇಲಿನ ಕಚೇರಿಗೆ ಕಳಿಸುವುದು, ಇದೇ ನನ್ನ ಕೆಲಸದ ದೊಡ್ಡ ಪಾಲು. ಮೊದಲು ಎಲ್ಲವೂ ರಿಜಿಸ್ಟರಿನಲ್ಲಿತ್ತು, 2021ರಿಂದ ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ಹೋಯಿತು. ಅಳೆಯುವುದು ತಪ್ಪಲ್ಲ. ಇಡೀ ಓಣಿಯ ಮಕ್ಕಳೆಲ್ಲ ಗಿಡ್ಡಗಿದ್ದರೆ ಯಾವ ಮಗುವೂ ಗಿಡ್ಡ ಎನಿಸುವುದಿಲ್ಲ; ಅಳತೆಪಟ್ಟಿ ಇಲ್ಲದೆ ಅದು ಕಣ್ಣಿಗೇ ಬೀಳುವುದಿಲ್ಲ. ಆದರೆ ತೂಗಿದ ಮಾತ್ರಕ್ಕೆ ಚೀಲದಲ್ಲಿ ತೊಗರಿ ಹೆಚ್ಚುವುದಿಲ್ಲ ಎಂಬುದು ಅಡತಿ ಅಂಗಡಿಯ ಹಮಾಲನಿಗೂ ಗೊತ್ತು.

ನಮ್ಮಲ್ಲಿಗೆ ಅಧ್ಯಯನ ತಂಡಗಳು ಬಂದೇ ಇಲ್ಲವೆಂದಲ್ಲ. ಬರುತ್ತವೆ. ಅಚ್ಚು ಹಾಕಿಸಿದ ಪ್ರಶ್ನಾವಳಿ ಇರುತ್ತದೆ. ಆರು ತಿಂಗಳು ಬರೀ ಎದೆಹಾಲು ಕೊಟ್ಟಿರಾ? ಊಟಕ್ಕೆ ಮೊದಲು ಮಗುವಿನ ಕೈ ತೊಳೆಯುತ್ತೀರಾ? ನಿನ್ನೆ ಮಗು ಎಷ್ಟು ಬಗೆಯ ಆಹಾರ ತಿಂದಿತು? ಹೊಲಕ್ಕೆ ಹೊರಟು ನಿಂತ ಹೆಣ್ಣುಮಗಳು ತಂಡದವರ ಮುಖ ನೋಡಿ, ಯಾವ ಉತ್ತರ ಕೊಟ್ಟರೆ ಬೇಗ ಬಿಡುತ್ತಾರೋ ಆ ಉತ್ತರ ಕೊಡುತ್ತಾಳೆ. ಕೆಲವು ತಿಂಗಳ ನಂತರ ವರದಿಯಲ್ಲಿ "ತಾಯಂದಿರಲ್ಲಿ ಅರಿವಿನ ಕೊರತೆ ಇದೆ" ಎಂದು ಬರುತ್ತದೆ. ರೋಗ ಅರಿವಿನ ಕೊರತೆ ಎಂದಾದ ಮೇಲೆ ಮದ್ದು ಇನ್ನೇನು? ಜಾಥಾ, ಗೋಡೆಬರಹ, ಭಾಷಣ. ಸೆಪ್ಟೆಂಬರಿನ ಪೋಷಣ್ ಮಾಸದಲ್ಲಿ ಮೇಜಿನ ಮೇಲೆ ಸೇಬು, ದಾಳಿಂಬೆ, ಮೊಳಕೆಕಾಳು ಜೋಡಿಸಿ ತಾಯಂದಿರಿಗೆ ತೋರಿಸುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಆ ಸೇಬುಗಳು ಯಾರ ಚೀಲ ಸೇರುತ್ತವೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಬಾಣಂತಿಗೆ ಅಂಟಿನ ಉಂಡೆ ಯಾಕೆ ಕೊಡಬೇಕು, ಹಲ್ಲು ಬರುವ ಮಗುವಿಗೆ ಹೆಸರುಬೇಳೆಯ ಕಟ್ಟು ಯಾಕೆ ಒಳ್ಳೆಯದು, ಪುಂಡಿಪಲ್ಯದ ಗುಣವೇನು ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಶಕ್ಕೆ ತೊಗರಿ ಕೊಡುವ ಸೀಮೆ ಇದು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಬೇಳೆ ಬೆಳೆಯುವವಳಿಗೆ ಬೇಳೆಯ ಮಹತ್ವ ಬೋಧಿಸುವುದಕ್ಕೆ ಎಷ್ಟು ಹಣ ಸುರಿದಿದ್ದೇವೆ ಎಂದು ನೆನೆದರೆ ನಗು ಬರುತ್ತದೆ.

ಪ್ರಶ್ನಾವಳಿಯಲ್ಲಿ ಸಿಗದದ್ದು ಬೇರೆ ರೀತಿಯಲ್ಲಿ ಕೇಳಿದರೆ ಸಿಗುತ್ತದೆ. ಸುರಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ, ರೊಟ್ಟಿ ಬಡಿಯುವ ಕೆಲಸ ಮುಗಿದ ಮೇಲೆ, ಹೆಂಗಸರೊಂದಿಗೆ ಅಂಗಳದಲ್ಲಿ ಕುಳಿತಿದ್ದೆವು. ನೆಲದ ಮೇಲೆ ಹನ್ನೆರಡು ಮನೆ ಬರೆದು, ಯಾವ ತಿಂಗಳಲ್ಲಿ ಕೂಲಿ ಹೆಚ್ಚು ಸಿಗುತ್ತದೆಯೋ ಅಲ್ಲಿ ಜೋಳದ ಕಾಳು, ಯಾವ ತಿಂಗಳಲ್ಲಿ ಮಕ್ಕಳು ಹೆಚ್ಚು ಕಾಯಿಲೆ ಬಿದ್ದು ಸೊರಗುತ್ತಾರೋ ಅಲ್ಲಿ ತೊಗರಿ ಕಾಳು ಇಡಲು ಹೇಳಿದೆವು. ಬೇಸಿಗೆಯ ಮನೆಗಳಲ್ಲಿ ತೊಗರಿ ತುಂಬುತ್ತದೆ, ಕೆಲಸವಿಲ್ಲದ ಕಾಲ ಅಲ್ಲವೇ ಎಂದುಕೊಂಡಿದ್ದ ಅಧಿಕಾರಿಯೊಬ್ಬರೂ ಅಲ್ಲಿದ್ದರು. ಹೆಂಗಸರು ಎರಡೂ ಕಾಳುಗಳನ್ನು ಶ್ರಾವಣದಿಂದ ಕಾರ್ತಿಕದವರೆಗಿನ ಮನೆಗಳಲ್ಲೇ ಸುರಿದರು. ಸದೆ (ಕಳೆ) ತೆಗೆಯುವ ಕಾಲ, ಹತ್ತಿ ಬಿಡಿಸುವ ಕಾಲ. ಕೈಯಲ್ಲಿ ದುಡ್ಡು ಓಡಾಡುವುದು ಆಗಲೇ. ಮಕ್ಕಳು ಸೊರಗುವುದೂ ಆಗಲೇ. ಮಳೆ, ಕೆಸರು, ಕೆಟ್ಟ ನೀರು, ಭೇದಿ ಒಂದು ಕಡೆ. ಮಗುವನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಂದು ಕೈಯೂ ಉಳಿದಿರುವುದಿಲ್ಲ ಎಂಬುದು ಇನ್ನೊಂದು ಕಡೆ.

ಎರಡು ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ತಿನ್ನಿಸಬೇಕು. ತಿನ್ನಿಸುವುದೆಂದರೆ ಬಟ್ಟಲು ಮುಂದಿಡುವುದಲ್ಲ. ಕುಳಿತು, ನುರಿದು, ಕತೆ ಹೇಳಿ, ಉಗುಳಿದ್ದನ್ನು ಒರೆಸಿ, ಮತ್ತೆ ಬಾಯಿಗೆ ಇಡುವುದು. ಬೆಳಗಿನ ಎಂಟಕ್ಕೆ ಹೊಲಕ್ಕೆ ಹೋಗಿ ಹೊತ್ತು ಮುಳುಗಿದ ಮೇಲೆ ಬರುವವಳು ಇದನ್ನು ಯಾವಾಗ ಮಾಡುತ್ತಾಳೆ? ಬೆಳಿಗ್ಗೆ ಬೇಳೆಯಲ್ಲಿ ನೆನೆಸಿದ ರೊಟ್ಟಿ, ನಡುವೆ ಐದು ರೂಪಾಯಿಯ ಕರಿದ ತಿಂಡಿಯ ಪೊಟ್ಟಣ, ರಾತ್ರಿ ನಿದ್ದೆಗಣ್ಣಿನಲ್ಲಿ ಎರಡು ತುತ್ತು ಅನ್ನ. ಮಗುವನ್ನು ನೋಡಿಕೊಳ್ಳುವುದು ಎಂಟು ವರ್ಷದ ಅಕ್ಕ. ಆ ಅಕ್ಕ ಶಾಲೆಯ ಹಾಜರಿಯಲ್ಲಿ "ದೀರ್ಘ ಗೈರು". ಅವಳ ಗೈರಿಗೆ ಶಿಕ್ಷಣ ಇಲಾಖೆಯಲ್ಲಿ ಒಂದು ಕಡತ, ಅವಳ ತಮ್ಮನ ತೂಕಕ್ಕೆ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ ಇನ್ನೊಂದು. ಎರಡೂ ಒಂದೇ ಮನೆಯ ಒಂದೇ ಸಂಗತಿ ಎಂದು ಯಾವ ಕಡತವೂ ಹೇಳುವುದಿಲ್ಲ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ನಮ್ಮ ಕಡೆ ಆ 299 ನಿಮಿಷ ಹೊಲದ ದುಡಿಮೆ ಮುಗಿದ ಮೇಲಿನದು. ರಾಜ್ಯದ ಪ್ರಾದೇಶಿಕ ಅಸಮಾನತೆಯ ಬಗ್ಗೆ 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ 35 ಸೂಚಕಗಳಿಂದ ತಾಲ್ಲೂಕುಗಳನ್ನು ಅಳೆದು, ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲೇ ಇವೆ ಎಂದಿತು. ಆ ಲೆಕ್ಕದ ಮೇಲೆ ಎಷ್ಟೋ ಒಳ್ಳೆಯ ಕೆಲಸ ನಡೆದಿದೆ, ಮಂಡಳಿಯ ಹುಟ್ಟಿನ ಹಿಂದೆಯೂ ಆ ವಾದದ ಬಲವಿದೆ. ಆದರೆ ತಾಯಿಗೆ ಮಗುವಿನ ಪಕ್ಕ ಕೂರಲು ಎಷ್ಟು ಹೊತ್ತು ಸಿಗುತ್ತದೆ ಎಂಬುದು ಯಾವ ಸೂಚಕದಲ್ಲೂ ಇರಲಿಲ್ಲ. ನನ್ನ ಮಟ್ಟಿಗೆ ಈ ಸೀಮೆಯ ಅಸಮಾನತೆ ಅತಿ ನಿಖರವಾಗಿ ಕಾಣುವುದು ಅಲ್ಲಿಯೇ. ಕಚೇರಿಯಲ್ಲಿ ದುಡಿಯುವ ಹೆಣ್ಣಿಗೆ 2017ರಿಂದ 26 ವಾರಗಳ ಸಂಬಳದ ಹೆರಿಗೆ ರಜೆ ಇದೆ. ಆರು ತಿಂಗಳು ಎದೆಹಾಲು ಕೊಡಬೇಕೆಂಬ ವೈದ್ಯರ ಮಾತಿಗೂ 26 ವಾರಕ್ಕೂ ಲೆಕ್ಕ ಸರಿಹೊಂದುತ್ತದೆ. ಕೂಲಿಯವಳಿಗೆ ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ ಬರುವುದು 5,000 ರೂಪಾಯಿ. ನಮ್ಮ ಕಡೆಯ ಕೂಲಿ ದರದಲ್ಲಿ ಅದು ಒಂದು ತಿಂಗಳ ದುಡಿಮೆಯೂ ಅಲ್ಲ. ಎದೆಹಾಲಿನ ಸಲಹೆ ಮಾತ್ರ ಇಬ್ಬರಿಗೂ ಒಂದೇ.

ಅಂಗನವಾಡಿ ಇದೆಯಲ್ಲ ಎನ್ನಬಹುದು. ಇದೆ, 1975ರಲ್ಲಿ ಶುರುವಾದ ಆ ಯೋಜನೆಗೆ ಈಗ ಐವತ್ತು ದಾಟಿದೆ, ನನ್ನ ಅನ್ನವೂ ಅದೇ. ಆದರೆ ಅಲ್ಲಿ ದಿನವಿಡೀ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಗುವಿಗೆ ಮನೆಗೆ ಒಯ್ಯುವ ಆಹಾರ ಕೊಡುತ್ತೇವೆ, ಮಗುವನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ. ಬೆಳವಣಿಗೆ ಕುಂಠಿತವಾಗುವುದು ಆ ವಯಸ್ಸಿನಲ್ಲೇ. ಮನೆಗೆ ಹೋದ ಪೊಟ್ಟಣವನ್ನು ಮನೆಯ ಎಲ್ಲ ಮಕ್ಕಳೂ ಹಂಚಿಕೊಂಡು ತಿನ್ನುತ್ತಾರೆ. ತಿನ್ನಬೇಡಿ ಎಂದು ಯಾವ ತಾಯಿ ಹೇಳಿಯಾಳು?

ಸರ್ಕಾರದವರಿಗೆ ಇದು ಹೊಳೆದಿಲ್ಲವೆಂದಲ್ಲ. 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರ ತೆರೆಯುವ ಘೋಷಣೆಯಾಯಿತು. ಅದಕ್ಕೂ ಬಹಳ ಮುಂಚೆ, 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ, ಕೆಲಸದ ಸ್ಥಳಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು ಎಂದು ಬರೆದಿತ್ತು. ವಿಚಾರ ಚೆನ್ನಾಗಿದೆ. ಎಡವುವುದು ಚಿಕ್ಕ ಸಂಗತಿಗಳಲ್ಲಿ. ಪಂಚಾಯಿತಿ ಇರುವ ಊರಿಗೂ ತಾಂಡಾಕ್ಕೂ ನಡುವಿನ ದಾರಿಯನ್ನು ಮಗು ಎತ್ತಿಕೊಂಡು ನಡೆದವರು ಯಾರು? ಹೊಲಕ್ಕೆ ಹೊರಡುವ ಹೊತ್ತಿಗೆ ಅದರ ಬಾಗಿಲು ತೆರೆದಿರುತ್ತದೆಯೇ? ಅಲ್ಲಿ ನೋಡಿಕೊಳ್ಳುವವಳಿಗೆ ಲಂಬಾಣಿ ಮಾತು ಬರುತ್ತದೆಯೇ? ಮತ್ತೊಂದು ಪ್ರಶ್ನೆಯನ್ನು ಯಾವ ಪ್ರಶ್ನಾವಳಿಯೂ ಕೇಳುವುದಿಲ್ಲ, ನಾನು ಕೇಳಿಬಿಡುತ್ತೇನೆ: ಕೇಂದ್ರ ಯಾವ ಕೇರಿಯಲ್ಲಿದೆ, ಅಡುಗೆ ಮಾಡುವವರು ಯಾರು, ಯಾವ ಮನೆಯ ಮಗುವನ್ನು ಎತ್ತಿಕೊಳ್ಳಲು ಯಾರ ಕೈ ಹಿಂಜರಿಯುತ್ತದೆ? ಮೇಲ್ವಿಚಾರಣೆಯ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಊರಿನ ಪ್ರತಿ ತಾಯಿಗೂ ಉತ್ತರ ಗೊತ್ತಿದೆ.

ತೀವ್ರ ಅಪೌಷ್ಟಿಕತೆಯ ಮಗುವನ್ನು ತಾಯಿಯೊಂದಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹದಿನಾಲ್ಕು ದಿನ ಸೇರಿಸುವ ವ್ಯವಸ್ಥೆಯ ಕತೆಯೂ ಹೀಗೆಯೇ. ಅಲ್ಲಿ ಚಿಕಿತ್ಸೆ ಉಚಿತ, ಊಟ ಉಚಿತ, ತಾಯಿಗೆ ಭತ್ಯೆಯೂ ಉಂಟು. ಆದರೂ ಹೋಗಲು ಒಪ್ಪದ ತಾಯಿಯನ್ನು ನಾವು "ಸಹಕರಿಸಲಿಲ್ಲ" ಎಂದು ಬರೆಯುತ್ತೇವೆ. ಅವಳಿಗೆ ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳಿದ್ದಾರೆ, ಒಂದು ಎಮ್ಮೆ ಇದೆ, ಮುಂಗಡ ಕೊಟ್ಟು ಕೂಲಿಗೆ ಕರೆದೊಯ್ಯುವ ಮುಕದ್ದಮ ಇದ್ದಾನೆ. ಅವಳು ಇಲ್ಲದ ಹದಿನಾಲ್ಕು ದಿನ ಮನೆಯನ್ನು ಯಾರು ನಡೆಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಕಡೆ ಅದೇ ತಾಯಿ ಸಂತೋಷದಿಂದ ಹೋಗಿದ್ದನ್ನು ನಾನು ಕಂಡಿದ್ದೇನೆ. ಒಂದು ಊರಿನಲ್ಲಿ ಸ್ವಸಹಾಯ ಸಂಘದ ಹೆಂಗಸರೇ ಪಾಳಿ ಹಾಕಿಕೊಂಡು ಅವಳ ಮನೆಯ ರೊಟ್ಟಿ ಬಡಿದರು. ಅದಕ್ಕೆ ಯಾವ ಯೋಜನೆಯೂ ಬೇಕಾಗಲಿಲ್ಲ, ಕೇಳುವವರು ಬೇಕಾಗಿತ್ತು ಅಷ್ಟೆ.

ಇನ್ನು ಗುಳೆ. ದಸರೆ, ದೀಪಾವಳಿ ಕಳೆಯುತ್ತಿದ್ದಂತೆ ಯಾದಗಿರಿ ರೈಲು ನಿಲ್ದಾಣದಲ್ಲಿ ಗಂಟುಮೂಟೆ, ಪಾತ್ರೆ, ಕೂಸುಗಳ ಸಮೇತ ಕುಟುಂಬಗಳು ಕೂತಿರುತ್ತವೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳಿಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೋದವರು ಯುಗಾದಿಯ ಸುತ್ತ ಬರುತ್ತಾರೆ. ಮಗುವಿನ ಹೆಸರು ಊರಿನ ಅಂಗನವಾಡಿಯಲ್ಲಿ, ಮಗು ಪುಣೆಯ ಕಟ್ಟಡದ ಮರಳಿನ ಗುಡ್ಡೆಯ ಮೇಲೆ. ಆ ತಿಂಗಳುಗಳಲ್ಲಿ ಅದು ಏನು ತಿಂದಿತು, ಯಾವ ಚುಚ್ಚುಮದ್ದು ತಪ್ಪಿತು, ತಾಯಿ ಕಾರ್ಡ್ ತೋರಿಸಿದರೆ ಅಲ್ಲಿನವರು ಏನೆಂದರು, ಇವೆಲ್ಲ ನಮ್ಮ ಜಿಲ್ಲೆಯ ಮಕ್ಕಳ ಆರೋಗ್ಯದ ಅರ್ಧ ಕತೆ. ಯಾವ ಸಮೀಕ್ಷಕರೂ ಆ ರೈಲು ಹತ್ತುವುದಿಲ್ಲ. ಹತ್ತಿ ಬಂದವರನ್ನಾದರೂ ಕೇಳಬಹುದಲ್ಲ?

ಕೇಳಿದರೆ ಮಕ್ಕಳು ಉಳಿಯುತ್ತಾರೆಯೇ ಎಂದು ತಾವು ಕೇಳಬಹುದು. ಹಣ ಕೊಡುವವರು ಕೇಳಲೇಬೇಕು. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ ಏಕಜುಟ್ ಎಂಬ ಸಂಸ್ಥೆ 2005ರಿಂದ 2008ರವರೆಗೆ ಹೆಂಗಸರ ಗುಂಪುಗಳ ಮಾಸಿಕ ಸಭೆ ನಡೆಸಿತು. ಸಭೆ ನಡೆಸಿದವಳು ವೈದ್ಯೆಯಲ್ಲ, ಊರಿನ ಹೆಣ್ಣುಮಗಳು. ಚಿತ್ರದ ಕಾರ್ಡು, ಕತೆ, ಆಟಗಳ ಮೂಲಕ ಗುಂಪಿನವರೇ ತಮ್ಮ ತೊಂದರೆ ಗುರುತಿಸಿದರು, ಯಾವುದನ್ನು ಮೊದಲು ಹಿಡಿಯಬೇಕೆಂದು ತಾವೇ ತೀರ್ಮಾನಿಸಿದರು, ಮಾಡಿದ್ದು ಸರಿಯಾಯಿತೇ ಎಂದು ತಾವೇ ಪರಿಶೀಲಿಸಿದರು. ಸಭೆ ನಡೆದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಮರಣ, ಸಭೆ ನಡೆಯದ ಪ್ರದೇಶಗಳಿಗಿಂತ ಶೇ 32ರಷ್ಟು ಕಡಿಮೆ ಇತ್ತು. 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಹೆಚ್ಚು ಪ್ರಯೋಜನ ಪಡೆದವರು ಅತಿ ಬಡವರು, ಅಕ್ಷರ ಬಾರದವರು ಎಂಬುದು ನಂತರದ ವಿಶ್ಲೇಷಣೆಯಲ್ಲಿ ತಿಳಿಯಿತು. ಭಾಷಣದಿಂದ ಮೊದಲು ಲಾಭ ಪಡೆಯುವುದು ಓದು ಬಲ್ಲವರು, ಇಲ್ಲಿ ತಿರುವುಮುರುವಾಯಿತು. ಛತ್ತೀಸಗಡದ ಹಳ್ಳಿಗಳಲ್ಲಿ ತಾಯಂದಿರೇ ಸರದಿಯ ಮೇಲೆ ನಡೆಸುವ "ಫುಲ್ವಾರಿ" ಶಿಶುಪಾಲನಾ ಕೇಂದ್ರಗಳೂ ಇದೇ ಹಾದಿಯವು.

ನಮ್ಮ ಮನೆಯಲ್ಲೇ ಇನ್ನೊಂದು ಸಾಕ್ಷಿ ಇದೆ. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಶುರುಮಾಡಿದರು. ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿ ಅಧ್ಯಯನ ನಡೆಯಿತು, ನಮ್ಮ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು, ಮುಂದೆ ಇಡೀ ರಾಜ್ಯಕ್ಕೆ ಮೊಟ್ಟೆ ಬಂತು. ಮೊಟ್ಟೆ ಕೊಡಬಾರದೆಂದು ಆಗ ದೊಡ್ಡ ದೊಡ್ಡ ಪೀಠಗಳಿಂದ ಕೂಗು ಎದ್ದಿತ್ತು. ತಿನ್ನುವ ಮಕ್ಕಳ ತಾಯಂದಿರನ್ನು ಎಷ್ಟು ಜನ ಕೇಳಿದರು? ಕೇಳಿದ್ದರೆ ಅಧ್ಯಯನದ ಉತ್ತರ ಅಧ್ಯಯನಕ್ಕೆ ಮೊದಲೇ ಸಿಗುತ್ತಿತ್ತು.

ಈಗ ನನ್ನ ಬೇಡಿಕೆಯ ವಿವರ. ಈಚಿನ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದರಲ್ಲಿ ಒಂದು ಚಿಕ್ಕ ಭಾಗವನ್ನು ಯಾದಗಿರಿ ಜಿಲ್ಲೆಯ ಕೆಲವು ಪಂಚಾಯಿತಿಗಳಲ್ಲಿ ಹೆತ್ತವರೇ ನಡೆಸುವ ಅಧ್ಯಯನಕ್ಕೆ ಮೀಸಲಿಡಿ. ಊರಿನ, ತಾಂಡಾದ ಓದಿದ ಸೊಸೆಯಂದಿರು, ಹೆಣ್ಣುಮಕ್ಕಳು ಇದನ್ನು ನಡೆಸಲಿ. ಅವರಿಗೆ ಗೌರವಧನವೆಂಬ ಚಿಲ್ಲರೆ ಬೇಡ, ಸಂಬಳ ಕೊಡಿ. ಸಭೆಗೆ ಬಂದು ಕೂರುವ ತಾಯಿಗೆ ಆ ಹೊತ್ತಿನ ಕೂಲಿ ಕೊಡಿ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಸಭೆಗೆ ಬಂದರೆ ಭತ್ಯೆ ಉಂಟು, ತಾಯಿಗೆ ಚಹಾ ಮಾತ್ರ ಎಂಬುದು ಯಾವ ನ್ಯಾಯ? ಪ್ರಶ್ನೆಗಳನ್ನು ಅವರೇ ಗೊತ್ತುಮಾಡಲಿ. ಗುಲ್ಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ನಮ್ಮ ವೈದ್ಯಕೀಯ ಕಾಲೇಜುಗಳು ಲೆಕ್ಕ ಹಾಕಲು, ದಾಖಲೆ ಇಡಲು ನೆರವಾಗಲಿ, ಆದರೆ ಪ್ರಶ್ನೆಯ ಒಡೆತನ ಅವರದಾಗದಿರಲಿ. ತಿಳಿದುಬಂದದ್ದನ್ನು ಬೆಂಗಳೂರಿಗೆ ಕಳಿಸುವ ಮೊದಲು ಗ್ರಾಮ ಸಭೆಯಲ್ಲಿ ಓದಲಿ. ಯಾವ ಮನೆಯ ಮಗು ಎಷ್ಟು ತೂಗಿತು ಎಂದು ಅಲ್ಲಿ ಹೆಸರು ಹಿಡಿದು ಓದಬಾರದು, ಸೊರಗಿದ ಮಗುವಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಇದನ್ನು ನಿಯಮವಾಗಿಯೇ ಬರೆಯಿರಿ. ನಮ್ಮ ಬಡತನದ ಫೋಟೊಗಳು ಊರೂರು ಸುತ್ತಿದ್ದು ಸಾಕು.

ಮುಖ್ಯವಾದದ್ದು ಇದು: ಅಧ್ಯಯನದ ಜೊತೆಯಲ್ಲೇ, ಅದರಲ್ಲಿ ಬಂದ ಉತ್ತರವನ್ನು ಜಾರಿಗೆ ತರಲು ಆಯಾ ಪಂಚಾಯಿತಿಗೆ ಷರತ್ತಿಲ್ಲದ ಒಂದಿಷ್ಟು ಹಣ ಇಡಿ. ಒಂದು ತಾಂಡಾ ಹೊಲದ ಬದಿಯಲ್ಲೇ ನೆರಳು ಹಾಕಿ ಕೂಸುಗಳನ್ನು ನೋಡಿಕೊಳ್ಳಲು ಇಬ್ಬರು ಅಜ್ಜಿಯರಿಗೆ ಸಂಬಳ ಕೇಳಬಹುದು. ಇನ್ನೊಂದು ಊರು ಕೂಸಿನ ಮನೆಯ ಬಾಗಿಲನ್ನು ಬೆಳಿಗ್ಗೆ ಏಳಕ್ಕೆ ತೆರೆಯಿರಿ ಎಂದಷ್ಟೇ ಕೇಳಬಹುದು, ಅದಕ್ಕೆ ಖರ್ಚೇ ಇಲ್ಲ. ಮತ್ತೊಂದು ಊರಿನವರು ಮದ್ಯದ ಅಂಗಡಿಯ ಮಾತು ಎತ್ತಬಹುದು. ಅದು ಕಷ್ಟದ ಮಾತು, ಆದರೂ ಉತ್ತರ ಲಿಖಿತವಾಗಿಯೇ ಬರಬೇಕು. ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ಬರೆದು ಕೊಡಿ.

ಅಪ್ಪಂದಿರನ್ನು ಬಿಡಬೇಡಿ. ನಮ್ಮ ಗೋಡೆಬರಹಗಳಲ್ಲೆಲ್ಲ ತಾಯಿ ಮತ್ತು ಮಗು. ಅಪ್ಪ ಎಲ್ಲಿ ಹೋದ ಎಂದು ಯಾರೂ ಕೇಳಿಲ್ಲ. ಮಗುವನ್ನು ಆಸ್ಪತ್ರೆಗೆ ಒಯ್ಯಲು ಬಸ್ಸಿನ ಹಣ ಯಾರ ಜೇಬಿನಲ್ಲಿದೆ, ಯಾವಾಗ ಗುಳೆ ಹೋಗುವುದು, ಸೊಸೆ ಎಷ್ಟು ದಿನಕ್ಕೆ ಕೂಲಿಗೆ ಮರಳುವುದು ಎಂಬ ತೀರ್ಮಾನಗಳಲ್ಲಿ ಗಂಡಸರ ಮತ್ತು ಅತ್ತೆಯರ ಪಾಲು ದೊಡ್ಡದು. ಗಂಡಸರ ಸಭೆಯನ್ನು ಬೇರೆಯಾಗಿ, ಸಂಜೆ ಹನುಮಂತ ದೇವರ ಕಟ್ಟೆಯ ಮೇಲೆ ನಡೆಸಿ ನೋಡಿ. ಮೊದಲ ಸಲ ನಗುತ್ತಾರೆ. ಎರಡನೆಯ ಸಲ ಮಾತನಾಡುತ್ತಾರೆ.

ಇದು ರಸ್ತೆ, ಕಟ್ಟಡಗಳ ಹಣ, ಇಂಥದ್ದಕ್ಕೆ ಬಳಸಲು ಬರುವುದಿಲ್ಲ ಎಂದು ಯಾರಾದರೂ ತಮಗೆ ಟಿಪ್ಪಣಿ ಬರೆದು ಕೊಡಬಹುದು. ಮಂಡಳಿಯೇ ಶಿಕ್ಷಣ, ಆರೋಗ್ಯಕ್ಕಾಗಿ ಆವಿಷ್ಕಾರ ಹೆಸರಿನ ಕಾರ್ಯಕ್ರಮಗಳನ್ನು ಕೈಗೆತ್ತಿಕೊಂಡಿದೆ. ಆ ಬಾಗಿಲು ಆಗಲೇ ತೆರೆದಿದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ಸಿಕ್ಕಿದ್ದು ಕಾಂಕ್ರೀಟ್ ಹಾಕಲು ಮಾತ್ರ ಅಲ್ಲ.

ಸಮಯದ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಮೊದಲ ಸುತ್ತಿನ ಸಭೆಗಳು ದಸರೆಗೆ ಮೊದಲು ನಡೆಯಬೇಕು, ಎರಡನೆಯ ಸುತ್ತು ಯುಗಾದಿಯ ನಂತರ ಅದೇ ಕುಟುಂಬಗಳೊಂದಿಗೆ. ಆರ್ಥಿಕ ವರ್ಷ ಮುಗಿಯುವ ಮಾರ್ಚಿನಲ್ಲಿ ಅವಸರದಿಂದ ಹಣ ಬಿಡುಗಡೆ ಮಾಡಿದರೆ ತಾಂಡಾದಲ್ಲಿ ಸಿಗುವವರು ಮುದುಕರು ಮತ್ತು ಬೀಗ ಹಾಕಿದ ಬಾಗಿಲುಗಳು ಮಾತ್ರ. ಆದ್ದರಿಂದ ಮುಂದಿನ ಮಂಡಳಿ ಸಭೆಯ ಕಾರ್ಯಸೂಚಿಯಲ್ಲೇ ಈ ವಿಷಯ ಬರಲಿ, ಯಾದಗಿರಿಯ ಪಂಚಾಯಿತಿಗಳ ಆಯ್ಕೆ ಮುಂಗಾರು ಮುಗಿಯುವುದರೊಳಗೆ ಆಗಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ
ಯಾದಗಿರಿ ಜಿಲ್ಲೆ